ತಣ್ಣೀರು ಸ್ನಾನಕ್ಕೆ ಹೊಣೆ ಯಾರು? ಬಳಕೆದಾರರ ಕೈಪಿಡಿ

ಬಕೆಟ್ಟಿನಲ್ಲಿ ನೀರು ಕಾಯಿಸುವ ರಾಡ್ ಕೊಂಡಿದ್ದಕ್ಕೆ ಅಭಿನಂದನೆಗಳು. ಡಬ್ಬದೊಳಗಿನ ಚೀಟಿಯನ್ನು ನೀವು ಓದುವುದಿಲ್ಲವೆಂದು ಅಚ್ಚು ಹಾಕಿಸಿದವರಿಗೂ ಗೊತ್ತು, ಅದಕ್ಕೇ ಅಕ್ಷರ ಅಷ್ಟು ಸಣ್ಣದು. ಆ ಚೀಟಿಯಲ್ಲಿ ಇಲ್ಲದ್ದನ್ನಷ್ಟೇ ಇಲ್ಲಿ ಹೇಳಿದೆ: ಏಳೂವರೆಯಾದರೂ ನೀರು ಉಗುರು ಬೆಚ್ಚಗೂ ಆಗದಿದ್ದಾಗ ಯಾರ ಮೇಲೆ ರೇಗಬೇಕು ಎಂಬುದನ್ನು.

ಬೇಕಾಗುವ ಸಾಮಾನು: ಒಂದು ಮಲ್ಟಿಮೀಟರ್, ಒಂದು ಪೆನ್ಸಿಲ್, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂಬದಿ.

ರಾಡಿನ ಹಿಡಿಯ ಮೇಲೆ 230 ವೋಲ್ಟ್, 1500 ವ್ಯಾಟ್ ಎಂದು ಬರೆದಿರುತ್ತದೆ. 1500 ಅನ್ನು 230ರಿಂದ ಭಾಗಿಸಿ. ಆರೂವರೆ ಆಂಪಿಯರ್ ಬಂತು. ಈಗ 230 ಅನ್ನು ಆ ಆರೂವರೆಯಿಂದ ಭಾಗಿಸಿ. 35 ಓಮ್ ಚಿಲ್ಲರೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್, ಭಾಗಿಸಿದರೆ ಓಮ್, ವಿದ್ಯೆ ಇಷ್ಟೇ. ಮೊಬೈಲ್ ಚಾರ್ಜಿಗೆ ಹಾಕುವ ಸಣ್ಣ ಸಾಕೆಟ್ 6 ಆಂಪಿಯರಿನದು. ಆರನ್ನು 230ರಿಂದ ಗುಣಿಸಿದರೆ 1380 ವ್ಯಾಟ್, ಅಂದರೆ ನಿಮ್ಮ ರಾಡ್ ಅದಕ್ಕೆ ಭಾರ. ಆದರೂ ಕನ್ವರ್ಟರ್ ಪ್ಲಗ್ ಹಾಕಿ ಅಲ್ಲೇ ಚುಚ್ಚುವವರಿದ್ದಾರೆ. ಸ್ವಿಚ್‌ಬೋರ್ಡಿನ ಮೇಲೆ ಕಂದು ಕಲೆ ಕಂಡಲ್ಲಿ ಅಂಥವರ ಮನೆ ಎಂದು ತಿಳಿಯಿರಿ.

ಇನ್ನು ರಾಡನ್ನೇ ವಿಚಾರಿಸೋಣ. ಪ್ಲಗ್ ಕಿತ್ತು, ಅದರ ಎರಡು ಪಿನ್ನುಗಳಿಗೆ (ದಪ್ಪನೆಯ ಅರ್ಥ್ ಪಿನ್ನಿಗಲ್ಲ) ಮಲ್ಟಿಮೀಟರಿನ ಕಡ್ಡಿಗಳನ್ನು ತಾಗಿಸಿ. ಸುಮಾರು 35 ತೋರಿಸಿದರೆ ರಾಡ್ ನಿರಪರಾಧಿ. ಒಳಗಿರುವ ನೈಕ್ರೋಮ್ ತಂತಿ ತಣ್ಣಗಿದ್ದರೂ ಕಾದರೂ ಪ್ರತಿರೋಧವನ್ನು ಹೆಚ್ಚು ಬದಲಿಸುವುದಿಲ್ಲ. ಈ ಮಾತನ್ನು ಎಲ್ಲ ಉಪಕರಣಕ್ಕೂ ಅನ್ವಯಿಸಲು ಹೋಗಬೇಡಿ. ಅಟ್ಟದ ಮೇಲೆ ಹಳೆಯ 100 ವ್ಯಾಟಿನ ಬುರುಡೆ ಬಲ್ಬು ಇದ್ದರೆ ಇಳಿಸಿ. ಲೆಕ್ಕದ ಪ್ರಕಾರ ಅದು 529 ಓಮ್ ಇರಬೇಕು. ಮೀಟರ್ ನಲವತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೀಟರೂ ಸರಿ, ಲೆಕ್ಕವೂ ಸರಿ. ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿ ದಾಟಿ ಬೆಳಗುವಾಗ ಅದರ ಪ್ರತಿರೋಧ ಹತ್ತು ಪಟ್ಟಿಗೂ ಮೇಲೆ ಏರಿರುತ್ತದೆ. ಸ್ವಿಚ್ ಒತ್ತಿದ ಕ್ಷಣದಲ್ಲಿ ಅದಿನ್ನೂ ತಣ್ಣಗಿರುವುದರಿಂದ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಹಳೇ ಬಲ್ಬುಗಳು ಉರಿಯುತ್ತಿದ್ದಾಗ ಹೋಗುವುದಕ್ಕಿಂತ ಹಾಕಿದಾಗಲೇ ‘ಟಪ್’ ಎನ್ನುತ್ತಿದ್ದುದು ಇದಕ್ಕೇ.

ರಾಡ್ ನಿರಪರಾಧಿಯಾದರೆ ವೋಲ್ಟೇಜನ್ನು ಹಿಡಿಯಿರಿ. ಸಾಕೆಟ್ಟಿಗೆ ಕಡ್ಡಿ ಚುಚ್ಚುವ ಸಾಹಸ ಬೇಡ, ಅದರಲ್ಲೂ ಒದ್ದೆ ಕೈಯಲ್ಲಿ. ಒಳಬರುವ ವೋಲ್ಟೇಜ್ ತೋರಿಸುವ ಸ್ಟೆಬಿಲೈಸರ್ ಫ್ರಿಜ್ಜಿನ ಪಕ್ಕದಲ್ಲಿದ್ದರೆ ಅದರ ಕೆಂಪು ಅಂಕಿ ಓದಿ. ಊರಾಚೆಯ ಮನೆ, ತೋಟಗಳಿಗೆ ತ್ರೀ ಫೇಸ್ ಕೊಟ್ಟ ಹೊತ್ತು, ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾಗಿವೆ: ಅಂಕಿ 180. ಐವತ್ತು ವೋಲ್ಟ್ ತಾನೇ ಕಡಿಮೆ ಎಂದು ಸಮಾಧಾನ ಪಡಬೇಡಿ. ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ, ಎರಡನ್ನೂ ಗುಣಿಸಿದಾಗ ಪೆಟ್ಟು ಎರಡು ಸಲ ಬೀಳುತ್ತದೆ. 180ರ ವರ್ಗವನ್ನು 35.27ರಿಂದ ಭಾಗಿಸಿ: 919 ವ್ಯಾಟ್. ಇಪ್ಪತ್ತು ಲೀಟರ್ ನೀರು ಮೂವತ್ತು ಡಿಗ್ರಿ ಏರಲು 28 ನಿಮಿಷ ಸಾಕಾಗುತ್ತಿದ್ದದ್ದು ಈಗ 45 ದಾಟುತ್ತದೆ.

ನಂಬಿಕೆ ಬರದಿದ್ದರೆ ಮೀಟರ್ ಬೋರ್ಡಿಗೆ ಹೋಗಿ. ಮನೆಯ ಉಳಿದದ್ದನ್ನೆಲ್ಲ ಆರಿಸಿ, ಮಿಟುಕುವ ಸಣ್ಣ ಕೆಂಪು ದೀಪವನ್ನು ನೋಡಿ. ಯೂನಿಟ್ಟಿಗೆ 3200 ಮಿಟುಕು ಎಂದು ಮೀಟರಿನ ಮೇಲೆ ಅಚ್ಚಾಗಿದ್ದರೆ, ಪೂರ್ತಿ 1500 ವ್ಯಾಟಿಗೆ ನಿಮಿಷಕ್ಕೆ 80 ಸಲ ಮಿಟುಕಬೇಕು. 49 ಮಾತ್ರ ಎಣಿಸಿದಿರಾದರೆ ಮೇಲಿನ ಲೆಕ್ಕಕ್ಕೆ ಸಾಕ್ಷಿ ಸಿಕ್ಕಿತು.

ಈ ಕಾಟ ನಿಮ್ಮೊಬ್ಬರದೇ ಅಲ್ಲ. ಜರ್ಮನಿಯ ಶಾಲಾ ಮೇಷ್ಟ್ರು ಗೇಯಾರ್ಗ್ ಸೈಮನ್ ಓಮ್ ಪ್ರಯೋಗಕ್ಕೆ ಕೂತಾಗ ಅಂದಿನ ಬ್ಯಾಟರಿಗಳು ಒಂದೇ ಸಮ ಇರುತ್ತಿರಲಿಲ್ಲ. ಕೊನೆಗೆ ಅವರು ಬಿಸ್ಮತ್ ಮತ್ತು ತಾಮ್ರ ಸೇರಿಸಿ, ಒಂದು ಕೂಡುಜಾಗವನ್ನು ಕುದಿಯುವ ನೀರಿನ ಶಾಖದಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟು, ಅಲುಗದ ವಿದ್ಯುತ್ ಪಡೆದರು. 1827ರಲ್ಲಿ ಪುಸ್ತಕ ಬಂತು. ಅವರು ನೀರು ಕುದಿಸಿ ಸೂತ್ರ ಕಂಡರು, ನಾವು ಸೂತ್ರ ಹಿಡಿದು ನೀರು ಕಾಯುತ್ತಿದ್ದೇವೆ.

ಹಾಗಾದರೆ ಆ ಐವತ್ತು ವೋಲ್ಟ್ ಎಲ್ಲಿ ಹೋಯಿತು? ಟ್ರಾನ್ಸ್‌ಫಾರ್ಮರಿನಿಂದ ನಿಮ್ಮ ಓಣಿಯವರೆಗಿನ ತಂತಿಗೆ ಒಂದು ಓಮ್ ಪ್ರತಿರೋಧ ಎಂದಿಟ್ಟುಕೊಳ್ಳಿ. ಎಲ್ಲರೂ ಸೇರಿ 50 ಆಂಪಿಯರ್ ಎಳೆದರೆ ತಂತಿಯೇ 50 ವೋಲ್ಟ್ ನುಂಗುತ್ತದೆ. ಐವತ್ತನ್ನು ಐವತ್ತರಿಂದ ಗುಣಿಸಿ: 2500 ವ್ಯಾಟ್. ನಿಮ್ಮ ಬಕೆಟ್ಟಿಗೆ 919, ಕಂಬದ ಮೇಲಿನ ಕಾಗೆಗಳಿಗೆ 2500! 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಒಯ್ದವರು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದ್ದು ಈ ಲೆಕ್ಕ ಗೊತ್ತಿದ್ದೇ. ವೋಲ್ಟೇಜ್ ಏರಿಸಿದಷ್ಟೂ ಅದೇ ವ್ಯಾಟಿಗೆ ಕರೆಂಟು ಕಡಿಮೆ ಸಾಕು, ದಾರಿಯಲ್ಲಿ ಪೋಲಾಗುವುದು ಕರೆಂಟಿನ ವರ್ಗದ ಪ್ರಕಾರ ಇಳಿಯುತ್ತದೆ. ಹಾಗಾಗಿ ನೆರೆಮನೆಯವರ ಪಂಪಿನ ಮೇಲೆ ರೇಗುವುದು ಅರ್ಧ ನ್ಯಾಯ. ತಂತಿ ಸಣ್ಣದು, ಟ್ರಾನ್ಸ್‌ಫಾರ್ಮರ್ ದೂರ; ಅರ್ಜಿ ಬರೆಯುವುದಾದರೆ 180, 919, 2500 ಎಂಬ ಮೂರೂ ಅಂಕಿ ಸೇರಿಸಿ ಬರೆಯಿರಿ. ‘ಕರೆಂಟ್ ಡಲ್ ಇದೆ ಸಾರ್’ ಎಂದರೆ ಯಾರೂ ಮೇಲೆ ನೋಡುವುದಿಲ್ಲ.

“ಹೋಗಲಿ ಬಿಡಪ್ಪ, ವ್ಯಾಟ್ ಕಮ್ಮಿಯಾದರೆ ಬಿಲ್ಲಾದರೂ ಕಮ್ಮಿ ಬರುತ್ತಲ್ಲ” ಎಂದು ಮನೆಯ ಹಿರಿಯರು ಅನ್ನಬಹುದು. ಬರುವುದಿಲ್ಲ ಎಂದು ಮೆಲ್ಲಗೆ ತಿಳಿಸಿ. ಅಷ್ಟು ನೀರು ಅಷ್ಟು ಬಿಸಿಯಾಗಲು ಸುಮಾರು 0.7 ಯೂನಿಟ್ ಬೇಕೇ ಬೇಕು, ಅರ್ಧ ಗಂಟೆಯಲ್ಲಿ ಸುಟ್ಟರೂ ಮುಕ್ಕಾಲು ಗಂಟೆಯಲ್ಲಿ ಸುಟ್ಟರೂ. ತಡವಾದಷ್ಟು ಹೊತ್ತೂ ಬಕೆಟ್ ಗಾಳಿಗೆ ಆರುವುದರಿಂದ ಒಂದಿಷ್ಟು ಹೆಚ್ಚೇ ಆದೀತು. ಬಕೆಟ್ಟಿಗೆ ಮುಚ್ಚಳ ಇಡಿ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಬೆರಳು ಅದ್ದಿ ನೋಡಿ.