ಮೊದಲು ಅಂಗಡಿ, ಆಮೇಲೆ ಕಾಲೇಜು

ಲಾಕ್‌ಡೌನಿನಲ್ಲಿ ದಾವಣಗೆರೆಯ ಹುಡುಗರು ಕೆಟ್ಟುಹೋದರು ಎಂದು ಹಿರಿಯರು ಈಗಲೂ ಹಲುಬುತ್ತಾರೆ. ಶುದ್ಧ ಸುಳ್ಳು. ಸರ್ಕಾರ ಹಾಕಿಕೊಟ್ಟ ವೇಳಾಪಟ್ಟಿಯನ್ನು ಅವರು ಚಾಚೂ ತಪ್ಪದೆ ಪಾಲಿಸಿದರು, ಅಷ್ಟೇ. 2020ರಲ್ಲಿ ರಾಜ್ಯದ ಮದ್ಯದಂಗಡಿಗಳು ಬಾಗಿಲು ತೆರೆದದ್ದು ಮೇ 4ಕ್ಕೆ. ಪದವಿ ಕಾಲೇಜುಗಳು ನವೆಂಬರ್ 17ಕ್ಕೆ. ನಡುವಿನ ಆರು ತಿಂಗಳು ಮಕ್ಕಳು ಎಲ್ಲಿ ಅಡ್ಮಿಷನ್ ಮಾಡಿಸಬೇಕಿತ್ತು, ನೀವೇ ಹೇಳಿ.

ಸರ್ಕಾರದ ಕಷ್ಟ ಸರ್ಕಾರಕ್ಕೆ. ಆ ವರ್ಷ ಅಬಕಾರಿಯಿಂದ 22,700 ಕೋಟಿ ರೂಪಾಯಿ ಬರಬೇಕೆಂದು ಬಜೆಟ್ಟಿನಲ್ಲಿ ಬರೆದಾಗಿತ್ತು. ಅಂಗಡಿ ತೆರೆದ ವಾರದಲ್ಲೇ ಸುಂಕವೂ ಏರಿತು. ಮರುವರ್ಷ ಎರಡನೇ ಅಲೆಯಲ್ಲಿ ಜನ ಆಕ್ಸಿಜನ್‌ಗೆ ಪರದಾಡುತ್ತಿದ್ದಾಗಲೂ ಬೆಳಿಗ್ಗೆ 6ರಿಂದ 10ರವರೆಗೆ ಹಾಲು, ಸೊಪ್ಪಿನ ಜೊತೆ ಎಣ್ಣೆಯೂ ಪಾರ್ಸೆಲ್ ಸಿಗುತ್ತಿತ್ತು. ಒಂಬತ್ತರ ಆನ್‌ಲೈನ್ ಕ್ಲಾಸಿಗೆ ಏಳದ ಮಗ ಆರಕ್ಕೇ ಎದ್ದು 'ಅವ್ವಾ, ಹಾಲು ನಾನೇ ತರ್ತೀನಿ' ಅಂದಾಗ ತಾಯಿ ಹರಿಹರೇಶ್ವರನಿಗೆ ಹರಕೆ ಹೊತ್ತಳು. 21 ತುಂಬದವರಿಗೆ ಮದ್ಯ ಮಾರಬಾರದೆಂಬ ನಿಯಮವೇನೋ ಇದೆ. ಆದರೆ ಮಾಸ್ಕಿನೊಳಗಿನ ಚಿಗುರುಮೀಸೆ ಯಾರಿಗೆ ಕಾಣಬೇಕು? ಮಾಸ್ಕ್ ಇಲ್ಲದಿದ್ದರೆ ದಂಡ. ವಯಸ್ಸಾಗದಿದ್ದರೆ ಸರಿಯಾದ ಚಿಲ್ಲರೆ ಸಾಕು.

ಪಾಠಗಳಿಗೂ ಅಡ್ಡಿಯಾಗಲಿಲ್ಲ. ಹರಿಹರದಲ್ಲಿ ತುಂಗಭದ್ರೆಯ ದಂಡೆ, ಪೇಪರಿನ ಮೇಲೆ ಮಂಡಕ್ಕಿ-ಮಿರ್ಚಿ, ಸುತ್ತ ನಾಲ್ಕು ಮೊಬೈಲು, ನಾಲ್ಕರಲ್ಲೂ ಕ್ಯಾಮೆರಾ ಬಂದ್. 'ಯಾಕಪ್ಪಾ, ಮಾತು ತೊದಲ್ತಿದೆ?' ಅಂತ ಮೇಷ್ಟ್ರು. 'ನೆಟ್‌ವರ್ಕ್ ಸರ್.' ಮನೆಯಲ್ಲಿ ಕೇಳಿದರೆ ಸ್ಯಾನಿಟೈಸರ್ ವಾಸನೆ. ಅಪ್ಪನಿಗೆ ಕೋವಿಡ್ ಬಂದು ಹೋಗಿದ್ದರೆ ಅಷ್ಟೂ ಹೇಳಬೇಕಿರಲಿಲ್ಲ.

ಗಾಂಜಾ ಹಿಡಿದವರ ಪಾಡು ಬೇರೆ. ಅದರಿಂದ ಖಜಾನೆಗೆ ಬಿಡಿಗಾಸೂ ಇಲ್ಲ; ಹಾಗಾಗಿ ಅದು ಸಾಮಾಜಿಕ ಪಿಡುಗು. ಸಣ್ಣ ಪ್ರಮಾಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ವಿನಾಯಿತಿ ಇದೆ ಎಂದು ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಹೇಳುತ್ತದೆ. ಈ ಮಾತನ್ನು ನಾನಂತೂ ಯಾವ ಜಾಥಾದ ಬ್ಯಾನರಿನಲ್ಲೂ ಓದಿಲ್ಲ. ಕೊರೋನಾ ಕಾಲದಲ್ಲಿ ಜಾಥಾವೂ ವೆಬಿನಾರ್ ಆಯಿತು. ಜೂನ್ 26, ಮಾದಕ ವಸ್ತು ವಿರೋಧಿ ದಿನ. ಅತಿಥಿಗಳು ಯುವಶಕ್ತಿ, ದೇಶದ ಭವಿಷ್ಯ ಎಲ್ಲ ಮುಗಿಸುವ ಹೊತ್ತಿಗೆ ಚಾಟ್ ಬಾಕ್ಸಿನಲ್ಲಿ ಒಬ್ಬ ಬರೆದ: 'ಬಿಡಬೇಕು ಅಂದ್ರೆ ಎಲ್ಲಿಗೆ ಹೋಗಬೇಕು ಸರ್?' ಅದರ ಕೆಳಗೆ ಸಾಲುಸಾಲಾಗಿ 'ಇ-ಸರ್ಟಿಫಿಕೇಟ್ ಯಾವಾಗ ಬರುತ್ತೆ?' ಸಂಘಟಕರು ತಡಮಾಡದೆ ಉತ್ತರಿಸಿದರು: ಫೀಡ್‌ಬ್ಯಾಕ್ ಫಾರ್ಮ್ ತುಂಬಿದವರಿಗೆ ಸಂಜೆಯೊಳಗೆ ಮೇಲ್ ಮಾಡುತ್ತೇವೆ.