ಚೀಟಿ ಕಾಕಾ

ಕೌಜಲಗಿಯಂಥ ಊರಲ್ಲಿ ಇಂಥವರೊಬ್ಬರು ಇಲ್ಲದಿದ್ದರೆ ಚಹಾದಂಗಡಿಯ ಬಾಕಡಾ ಬಿಕೋ ಎನ್ನುತ್ತದೆ. ಹೆಸರು ಏನಾದರೂ ಇರಲಿ, ಕರೆಯುವುದು ಚೀಟಿ ಕಾಕಾ ಎಂದೇ. ಯಾರ ಔಷಧದ ಡಬ್ಬಿ ಕಂಡರೂ ಒಳಗೆ ಮಡಚಿಟ್ಟ ಕಾಗದ ಕಾಕಾರ ಸೊತ್ತು. ಅದನ್ನು ಧೋತರದಷ್ಟು ಉದ್ದಕ್ಕೆ ಬಿಚ್ಚಿ, ಬೆರಳಿಟ್ಟು ಶುರು ಮಾಡುತ್ತಾರೆ. ಏನು ಗುಣವಾಗುತ್ತದೆ ಎಂಬ ಭಾಗವನ್ನು ಹಾರಿಸಿ ನೇರ ಸೈಡ್ ಇಫೆಕ್ಟಿಗೆ. ಕೌಜಲಗಿ ನಿಂಗಮ್ಮನ ಪಾರಿಜಾತದಾಟ ಮೆರೆದ ಊರಲ್ಲವೇ, ಕಾಕಾರ ಓದಿಗೂ ಬೆಳತನಕದ ಗತ್ತು.

ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗುವವರಿಗೆ ಅವರು ಹಳೆಯ ಶನಿ. ಹೊಟ್ಟೆಯುಬ್ಬರ, ಭೇದಿ, ವರ್ಷಗಟ್ಟಲೆ ತಿಂದರೆ ಬಿ12 ಕಡಿಮೆ. ಯಾವುದೂ ಸುಳ್ಳಲ್ಲ. ಕಾಕಾರ ಕಷ್ಟವೇ ಅದು, ಸುಳ್ಳು ಹೇಳುವುದಿಲ್ಲ.

2025ರಲ್ಲಿ ಅವರಿಗೆ ಮತ್ತೆ ಹರೆಯ ಬಂತು. ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ, ಡಿಸೆಂಬರ್‌ನಲ್ಲಿ ಒಜೆಂಪಿಕ್ ಭಾರತಕ್ಕೆ ಕಾಲಿಟ್ಟವು. ಸಕ್ಕರೆಗೂ ತೂಕಕ್ಕೂ ವಾರಕ್ಕೊಂದು ಸೂಜಿ. ಬೆಳಗಾವಿಯಲ್ಲಿ ನೌಕರಿ ಮಾಡುವ ಅಣ್ಣನ ಮಗ ಅದನ್ನು ಹಚ್ಚಿಕೊಂಡದ್ದೇ ತಡ, ಚೀಟಿ ಕೌಜಲಗಿ ಸೇರಿತು.

“ವಾಂತಿ, ಭೇದಿ, ಮಲಬದ್ಧತೆ... ಎರಡೂ ಬರದಾರಲ್ಲೋ ತಮ್ಮಾ! ಯಾವುದು ಬೇಕು ಆರಿಸ್ಕೋ ಅಂತೇನು? ಪಿತ್ತಕೋಶದಾಗ ಕಲ್ಲು. ಮೇದೋಜೀರಕಕ್ಕ ಬಾವು. ಇಲಿಗೆ ಥೈರಾಯ್ಡ್ ಗಡ್ಡಿ ಆಗಿತ್ತಂತ.”

“ಕಾಕಾ, ನಾ ಇಲಿ ಅಲ್ಲ.”

“ಇವತ್ತ ಅಲ್ಲ.”

ಹುಡುಗ ಪಾಪ ವಿವರಿಸಿದ: ಔಷಧ ಹೊಟ್ಟೆಯೊಳಗಿನ ಅನ್ನವನ್ನು ನಿಧಾನ ಇಳಿಸುತ್ತದೆ, ಅದಕ್ಕೇ ಓಕರಿಕೆ, ಹಾಗಂತಲೇ ಡಾಕ್ಟರು ಸಣ್ಣ ಡೋಸಿನಿಂದ ಶುರುಮಾಡಿ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾರೆ, ಬಹಳ ಮಂದಿಗೆ ಬರಬರುತ್ತ ತಗ್ಗುತ್ತದೆ, ಹೊಟ್ಟೆನೋವು ಜೋರಾಗಿ ಬಿಡದೆ ಹಿಡಿದರೆ ಆಸ್ಪತ್ರೆಗೆ ಓಡಬೇಕು. ಬಾಯಿ ತಪ್ಪಿ, ಈ ಜಾತಿಯ ಮೊದಲ ಸೂಜಿಯ ಸುಳಿವು ಅಮೆರಿಕದ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಸಿಕ್ಕಿತ್ತು, 2005ರಲ್ಲಿ ಅಲ್ಲಿ ಮಂಜೂರಾಯಿತು ಎಂದೂ ಹೇಳಿಬಿಟ್ಟ. ಅದನ್ನೂ ಕಾರ್ಖಾನೆಯಲ್ಲೇ ಮಾಡಿದ್ದರು, ಈಗಿನವು ಮನುಷ್ಯನ ಕರುಳಿನ ಹಾರ್ಮೋನಿನ ಮಾದರಿಯವು ಎಂಬಷ್ಟರಲ್ಲಿ ಕಾಕಾ ಎದ್ದು ನಿಂತಿದ್ದರು.

“ಮೈಮ್ಯಾಲ ಹಲ್ಲಿ ಬಿದ್ರ ನಾವು ಪಂಚಾಂಗ ತಗಿತೀವಿ. ಇಂವ ದುಡ್ಡು ಕೊಟ್ಟು ಚುಚ್ಚಿಸ್ಕೊಂಡಾನ!”

ಸಂಜೆಯೊಳಗೆ ಸುದ್ದಿ ಮೂಡಲಗಿ ದಾಟಿತು.

ಕಾಕಾರಿಗೂ ಶುಗರ್ ಇದೆ. ಗ್ಲಿಮೆಪಿರೈಡ್ ನುಂಗುತ್ತಾರೆ. ಆದರೆ ಅಂಗಡಿಯವರು ಹಾಳೆಯಿಂದ ಹತ್ತು ಗುಳಿಗೆ ಕತ್ತರಿಸಿ ಕೊಡುತ್ತಾರೆ, ಚೀಟಿ ಬರುವುದಿಲ್ಲ. ಚೀಟಿಯಿಲ್ಲದ್ದಕ್ಕೆ ಸೈಡ್ ಇಫೆಕ್ಟ್ ಎಲ್ಲಿಂದ? ಶ್ರಾವಣ ಸೋಮವಾರ ಗುಳಿಗೆ ನುಂಗಿ ಉಪವಾಸ ಕೂತು, ಮೈ ಬೆವತು ಕೈ ನಡುಗಿದಾಗ, ಸಕ್ಕರೆ ಪಾತಾಳಕ್ಕಿಳಿದಿದೆ ಎಂದು ಅವರಿಗೆ ಹೊಳೆಯುವುದಿಲ್ಲ. ದೃಷ್ಟಿ ತಗಲಿದೆ ಎಂದು ಉಪ್ಪು ನಿವಾಳಿಸುತ್ತಾರೆ. ಮನೆಯವರು ಬಾಯಿಗೆ ಬೆಲ್ಲ ಹಾಕಿದ ಮೇಲೆ ಏಳುತ್ತಾರೆ, ಕೀರ್ತಿ ಉಪ್ಪಿಗೆ. ಗೋಕಾಕದ ಕರದಂಟಿನ ಡಬ್ಬಿಯಲ್ಲೂ ಅಂಥ ಚೀಟಿ ಇಟ್ಟಿರುವುದಿಲ್ಲ. ಹಾಗಾಗಿ ಅದೂ ನಿರಪಾಯ.

ಮೊನ್ನೆ ಬೀಗರ ಮನೆಯ ಊಟ. ಹುಡುಗ ಅರ್ಧ ಹೋಳಿಗೆಗೇ ಕೈ ತಡೆದ. ಬೀಗತಿ ಮೋರೆ ಸಣ್ಣದು ಮಾಡಿ, “ಯಾಕ್ರಿ, ಹೂರಣಾ ಛಲೋ ಆಗಿಲ್ಲೇನ್ರಿ?” ಅಂದರು. ಪಂಕ್ತಿಯೇ ತಿರುಗಿ ನೋಡಿತು. ಕಾಕಾ ಅಂಗಿಯ ಕಿಸೆಯಿಂದ ಚೀಟಿ ತೆಗೆದು ಬೆರಳಿಟ್ಟರು.

“ಇಲ್ಲೇ ಬರದಾರ ನೋಡ್ರಿ ಅವ್ವಾರ. ಹಸಿವಿ ಕಡಿಮಿ ಆಗತೈತಂತ! ವಾಂತಿ ಆಗಲಿ, ಕಲ್ಲಾಗಲಿ, ಅದು ತಡಕೋಬಹುದು. ಇದನ್ನ ಸರಕಾರ ಹೆಂಗ ಪಾಸ್ ಮಾಡ್ತೋ!”

ಹುಡುಗನ ಎಲೆಯ ಉಳಿದರ್ಧವನ್ನು ತಮ್ಮ ಎಲೆಗೆ ಎಳೆದುಕೊಂಡು, ತುಪ್ಪದವನನ್ನು ಕರೆದರು.