ಸಂತ್ಯಾಗಿನ ಸೈನಿಕರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಗೆ ಸದ್ಯಕ್ಕೆ ಶತ್ರುಭಯವೇನೂ ಇಲ್ಲ. ತಾಳಿಕೋಟಿ ಯುದ್ಧ 1565ರಲ್ಲೇ ಮುಗಿದಿದೆ. ಆದರೂ ಸಂಜೆ ಬಸ್ ಸ್ಟ್ಯಾಂಡಿನ ಎಗ್‌ರೈಸ್ ಗಾಡಿಗಳ ಕಡೆ ಕಣ್ಣು ಹಾಯಿಸಿ, ಒಂದು ಪಡೆಯೇ ಬೀಡುಬಿಟ್ಟಿರುತ್ತದೆ. ಮೈಮೇಲೆ ಹಸಿರು-ಕಂದು ಮಚ್ಚೆಯ ಪ್ಯಾಂಟು, ತಲೆಗೆ ಅದೇ ಬಟ್ಟೆಯ ಟೋಪಿ, ಬಾಯಲ್ಲಿ ಗುಟ್ಕಾ.

ಸಂತೆಯಲ್ಲಿ ಸೈನ್ಯ ಭರ್ತಿ ಬಲು ಸಲೀಸು.

"ಯಣ್ಣಾ, ಮಿಲ್ಟ್ರಿ ಪ್ಯಾಂಟ್ ಐತೇನ?"

"ಯಾವ್ದ ಬೇಕಪಾ? ಗಡಿ ಕಾಯಾಂವಂದೋ, ಗಾಡಿ ಹೊಡಿಯಾಂವಂದೋ?"

ಇಂಡಿಯ ಲಿಂಬೆ ತೋಟದಲ್ಲಿ ಮುಳ್ಳಿಗೆ ಮೈಯೊಡ್ಡಿ ಕಾಯಿ ಹರಿಯುವವನು ಇದನ್ನು ತೊಟ್ಟರೆ ನನ್ನ ತಕರಾರಿಲ್ಲ. ಬಟ್ಟೆ ಗಟ್ಟಿ, ಕೊಳೆ ಕಾಣುವುದಿಲ್ಲ, ಅವನ ಲೆಕ್ಕ ಅಲ್ಲಿಗೆ ಮುಗಿಯಿತು. ಪ್ಯಾಂಟು ಏರಿಸಿದ ಕೂಡಲೇ ಟೋಲ್ ಗೇಟಿನ ಹುಡುಗನನ್ನು ಗದರಿಸುವ, ಸಾಲಿನಲ್ಲಿ ನಿಂತವರಿಗೆ ದೇಶಭಕ್ತಿ ಬೋಧಿಸಿ ತಾನು ಮುಂದೆ ನುಗ್ಗುವ ವೀರರದ್ದೇ ಪಂಚಾಯಿತಿ. ವೇಷ ಒಂದು, ನಡೆ ಒಂದು ಆದವರನ್ನು ಹನ್ನೆರಡನೇ ಶತಮಾನದಲ್ಲೇ ತರಾಟೆಗೆ ತೆಗೆದುಕೊಂಡ ಬಸವಣ್ಣ ಹುಟ್ಟಿದ ನೆಲ ಇದು ಎಂಬುದನ್ನು ಅವರಿಗೆ ಯಾರು ಹೇಳಬೇಕು?

ಸೇನೆ ಹೇಳಿ ನೋಡಿತು. 2016ರಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದ ಉಗ್ರರು ಸೇನೆಯ ಉಡುಪಿನಲ್ಲೇ ಬಂದಿದ್ದರು. ಆಮೇಲೆ ಸೇನೆಯೇ ಕೇಳಿಕೊಂಡಿತು: ನಾಗರಿಕರು ತೊಡಬೇಡಿ, ವ್ಯಾಪಾರಿಗಳು ಮಾರಬೇಡಿ. 2022ರಲ್ಲಿ ಹೊಸ ವಿನ್ಯಾಸದ ಸಮವಸ್ತ್ರ ತಂದು, ನಕಲಾಗದಿರಲೆಂದು ನೋಂದಣಿಯನ್ನೂ ಮಾಡಿಸಿತು. ಹಳೇ ಮಚ್ಚೆಯ ವ್ಯಾಪಾರ ಮಾತ್ರ ಜೋರಾಗಿ ನಡೆದೇ ಇದೆ.

ಕಾನೂನೂ ಇದೆ. ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ, ತಾನು ಯೋಧನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಯೋಧನ ಉಡುಪು ತೊಟ್ಟವನಿಗೆ ಮೂರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮವರು ಪಾರಾಗುವುದು ಆ 'ನಂಬಲಿ' ಎಂಬಲ್ಲೇ. ಬೆಲ್ಟಿನ ಮೇಲೆ ಒರಗಿ ಕೂತ ಆ ಹೊಟ್ಟೆಯನ್ನು ಕಂಡು ಇವನು ಯೋಧನೆಂದು ಯಾರು ತಾನೇ ನಂಬಿಯಾರು? ಹೊಟ್ಟೆಯೇ ಅವರಿಗೆ ನಿರೀಕ್ಷಣಾ ಜಾಮೀನು.

ಈ ಉಡುಪಿನ ನಿಜವಾದ ದರ ಗೊತ್ತಿರುವುದು ಅಗ್ನಿವೀರನಾಗಲು ಹೊರಟ ಹುಡುಗನಿಗೆ. ಅವನು ನಸುಕಿನಲ್ಲೆದ್ದು ಡಾಂಬರು ರಸ್ತೆಯಲ್ಲಿ ಓಡುತ್ತಾನೆ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ, ಹತ್ತು ಸಲ ಕಂಬಿಗೆ ಜೋತು ಮೈ ಎತ್ತಿದರೆ 40. ಇಷ್ಟೆಲ್ಲ ಗೆದ್ದರೂ ಸೇವೆ ನಾಲ್ಕೇ ವರ್ಷ. ಮುಂದೆ ಉಳಿಯುವವರು ಹೆಚ್ಚೆಂದರೆ ನೂರಕ್ಕೆ 25 ಮಂದಿ. ಸಂತೆಯ ಸೈನಿಕನಿಗೆ ಓಟವಿಲ್ಲ, ಅವಧಿಯಿಲ್ಲ, ಬಣ್ಣ ಬಿಡುವವರೆಗೂ ಸೇವೆಯಲ್ಲಿರುತ್ತಾನೆ. ಇಪ್ಪತ್ತು ವರ್ಷ ಗಡಿ ಕಾಯ್ದು ಬಂದ ಸುಬೇದಾರ ಮಾತ್ರ ಬ್ಯಾಂಕಿನ ಬಾಗಿಲಲ್ಲಿ ಮಾಸಿದ ನೀಲಿ ಅಂಗಿ ತೊಟ್ಟು, ಇದೇ ವೀರರಿಗೆ "ಲೈನಿನ್ಯಾಗ ಬರ್ರಿ ಸಾಹೇಬ್ರ" ಎನ್ನುತ್ತಿರುತ್ತಾನೆ.

ಇದನ್ನು ನಿಷೇಧಿಸಿ ಎಂದು ನಾನು ಕೇಳುವುದಿಲ್ಲ. ನಿಯಮ ಎಲ್ಲರಿಗೂ ಒಂದೇ ಇರಲಿ, ಅಷ್ಟೇ. ಪ್ಯಾಂಟು ಬೇಕಾದವರು ಅಂಗಡಿಯಿಂದ ಹೊರಟು 1.6 ಕಿಲೋಮೀಟರು ಓಡಿ ಬಂದು ದುಡ್ಡು ಕೊಡಲಿ. ನಾಲ್ಕು ವರ್ಷವಾದ ಮೇಲೆ ನೂರಕ್ಕೆ 25 ಮಂದಿ ಪ್ಯಾಂಟು ಉಳಿಸಿಕೊಳ್ಳಲಿ. ಮಿಕ್ಕ 75 ಮಂದಿ ಅಲ್ಲೇ ಬಿಚ್ಚಿ ಕೊಟ್ಟು, ಲುಂಗಿ ಸುತ್ತಿಕೊಂಡು ಮನೆ ಸೇರಲಿ.